ಬರಿಗೈಯಲ್ಲಿ ಇಳಿಸಿದ ಬೋಗುಣಿ

ಮೊನ್ನೆ ಬುಧವಾರ ಸಂಜೆ ಮೊಮ್ಮಗಳು ಬಟ್ಟೆ ಅಂಗಡಿಯ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಒಂದು ಬೋಗುಣಿಯಲ್ಲಿ ಖೀಮಾ ಹುರಿದು, ಅದರಲ್ಲೇ ನೀರು ಕುದಿಸಿ, ಎರಡು ಪಾಕೀಟು ನೂಡಲ್ಸ್ ಮುರಿದು ಹಾಕಿದಳು. ಮೊಬೈಲಿನಲ್ಲಿ ನೋಡಿ ಕಲಿತಳಂತೆ. ಹೊಸ ಅಡುಗೆ ಅಂದಳು. ಮುಚ್ಚಳ ತೆಗೆದಾಗ ಬಂದ ವಾಸನೆ ನನಗೆ ಹೊಸದಾಗಿರಲಿಲ್ಲ. ಹಸಿಶುಂಠಿ, ಬಳ್ಳೊಳ್ಳಿ, ದೊಡ್ಡದರ, ಅಂದರೆ ದನದ ಮಾಂಸದ ಕೊಬ್ಬು, ಮೇಲೆ ಹಿಂಡಿದ ಲಿಂಬೆ... ನಾನು ಅಡುಗೆ ನೋಡಲಿಲ್ಲ. ಹುಡುಗಿಯ ಕೈ ನೋಡಿದೆ. ಬಟ್ಟೆ ಹಿಡಿದು ಇಳಿಸುತ್ತಾಳೋ, ಬರಿಗೈಯಲ್ಲಿ ಇಳಿಸುತ್ತಾಳೋ ಎಂದು ನೋಡಿದೆ. ಬಟ್ಟೆ ಹಿಡಿದಳು. ಆಮೇಲೆ ನನಗೆ ಉಸಿರು ಬಂತು.

ಇಪ್ಪತ್ತು ವರ್ಷದ ಮೇಲಾಯಿತು. ಗಂಡ ತೀರಿದ ಮೇಲೆ ಗುರುಗುಂಟಾ ಬಿಟ್ಟು, ಎರಡು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಸಿಂಧನೂರಿಗೆ ಬಂದಿದ್ದೆ. ಅಕ್ಕಿ ಗಿರಣಿಯ ಅಂಗಳದಲ್ಲಿ ನೆಲ್ಲು ಹರವುವ ಕೆಲಸ ಸಿಕ್ಕಿತ್ತು. ಒಂದೇ ಸಾಲಿನಲ್ಲಿ ಆರು ಬಾಡಿಗೆ ಕೋಣೆ. ಒಂದು ನನ್ನದು, ಗೋಡೆಯ ಆಚೆಯದು ಖಾಲಾಳದು. ನನ್ನ ಮಕ್ಕಳು ದೊಡ್ಡಮ್ಮ ಅನ್ನುವ ಹಾಗೆ ಆಕೆಯ ಮಾತಿನಲ್ಲೇ ಖಾಲಾ ಅಂದರು, ನಾನೂ ಹಾಗೇ ಕರೆದೆ. ನನಗಿಂತ ಹತ್ತು ವರ್ಷ ದೊಡ್ಡವಳು. ಗಂಡ ಇರಲಿಲ್ಲ, ಮಕ್ಕಳಾಗಿರಲಿಲ್ಲ. ಮಸ್ಕಿಯಲ್ಲಿ ತಮ್ಮನ ಮನೆ ಇತ್ತು. ಜನ ತಂದುಕೊಟ್ಟ ಹಳೆಯ ಸೀರೆ, ಧೋತರ ಕೂಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಕೈಹೊಲಿಗೆ. ಅದೊಂದೇ ಆಕೆಯ ಹೊಟ್ಟೆಪಾಡು.

ಗಿರಣಿಯಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ರೊಟ್ಟಿ ಬಡಿಯಲು ನನ್ನ ರಟ್ಟೆ ಏಳುತ್ತಿರಲಿಲ್ಲ. ಹೀಗಾಗಿ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದೆವು. ಆಕೆ ಬಜಾರಿನಿಂದ ಖೀಮಾ ತರುವುದು, ನಾನು ಬೇಸಿಗೆಯಲ್ಲಿ ಹೊಸೆದು ಒಣಗಿಸಿಟ್ಟ ಶಾವಿಗೆ ಕೊಡುವುದು. ವಾರದಲ್ಲಿ ಮೂರು ದಿನವಾದರೂ ಅದೇ ಊಟ. ಮೊದಲು ಬೋಗುಣಿಯಲ್ಲಿ ಶಾವಿಗೆ ಕೆಂಪಗೆ ಹುರಿದು ತಾಟಿಗೆ ತೆಗೆಯುತ್ತಿದ್ದಳು. ಅದೇ ಬೋಗುಣಿಗೆ ಎಣ್ಣೆ, ಉಳ್ಳಾಗಡ್ಡಿ, ಶುಂಠಿ ಬಳ್ಳೊಳ್ಳಿ. ಖೀಮಾದ ನೀರು ಆರಿ ಎಣ್ಣೆ ಬಿಡುವ ತನಕ ಕೈಯಾಡಿಸಿ, ಅರಿಶಿಣ, ಖಾರ, ಉಪ್ಪು. ನೀರು ಕುದಿ ಬಂದಾಗ ಶಾವಿಗೆ ಹಾಕಿ ಮುಚ್ಚಿ, ಸ್ಟೋವ್ ಸಣ್ಣಗೆ ಮಾಡಿಬಿಟ್ಟರೆ ಆಯಿತು. ನಾನು ಮಾರಿ ತೊಳೆದು ಬರುವಷ್ಟರಲ್ಲಿ ಊಟ. ನಾಲ್ಕೂ ಜನ ಸುತ್ತ ಕೂತು ಬೋಗುಣಿಯಿಂದಲೇ ಹಾಕಿಕೊಳ್ಳುತ್ತಿದ್ದೆವು. ತೊಳೆಯುವುದೂ ಒಂದೇ.

ಬೋಗುಣಿಗೆ ಹಿಡಿಕೆ ಇರಲಿಲ್ಲ. ಕುದಿಯುತ್ತಿರುವಾಗಲೇ ಖಾಲಾ ಅದನ್ನು ಎರಡೂ ಕೈಯಿಂದ ಎತ್ತಿ, ನಡೆದು ಬಂದು, ನಮ್ಮ ನಡುವೆ ಇಡುತ್ತಿದ್ದಳು. ನಮ್ಮ ಕಡೆ ಹೆಂಗಸರಿಗೆ ಇದೊಂದು ಹಮ್ಮು. ಹಂಚಿನ ಮೇಲಿನ ರೊಟ್ಟಿ ಬರಿಗೈಯಲ್ಲಿ ತಿರುವಿದವಳು, ಕುದಿಯುವ ಗಡಿಗೆ ಸೆರಗಿಲ್ಲದೆ ಇಳಿಸಿದವಳು ಒಲೆ ಕಂಡವಳು. ಬಟ್ಟೆ ಹುಡುಕುವವಳು ಹೊಸಬಳು. ನಾನೂ ಒಂದು ದಿನ ಎತ್ತಲು ಹೋಗಿ ಅಲ್ಲೇ ಬಿಟ್ಟು ಕೈ ಜಾಡಿಸಿದೆ.

“ನಿನ್ನ ಕೈ ಇನ್ನ ಹೊಸಾ ಸೊಸಿ ಐತಿ ಬೇ. ಬಿಸಿ ಕಂಡ್ರ ನಾಚಿಕೊಳ್ತೈತಿ,” ಅಂದಳು ಖಾಲಾ.

ಮಕ್ಕಳು ಬಿದ್ದುಬಿದ್ದು ನಕ್ಕರು. ಗಿರಣಿಯಲ್ಲಿ ನಾನು ನಾಲ್ಕು ಜನರ ಮುಂದೆ ಖಾಲಾಳ ಕೈಯ ಬಗ್ಗೆ ಹೇಳಿ ಜಂಬ ಕೊಚ್ಚಿಕೊಂಡಿದ್ದೆ. ನನಗೆ ಬುದ್ಧಿ ಇರಲಿಲ್ಲ, ಯಾರಿಗೂ ಇರಲಿಲ್ಲ.

ಆ ವರ್ಷ ದೊಡ್ಡ ಮಗಳಿಗೆ ಲಿಂಗಸುಗೂರಿನಿಂದ ಸಂಬಂಧ ಬಂತು. ಹುಡುಗ ಗ್ಯಾರೇಜಿನಲ್ಲಿ ಕೆಲಸಕ್ಕಿದ್ದ, ಕುಡಿತ ಇರಲಿಲ್ಲ. ಬೀಗರು ಒಪ್ಪಿ ಹೋದರು. ಮೂರು ತಿಂಗಳಿಗೆ ಮದುವೆ ಎಂದಾಯಿತು. ತಂದೆ ಇಲ್ಲದ ಹುಡುಗಿಗೆ ಅದಕ್ಕಿಂತ ಒಳ್ಳೆಯದು ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಅದೇ ವಾರ ಒಂದು ಮುಂಜಾನೆ ಖಾಲಾ ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದಳು. ಬಲಗೈಯ ಅಂಗೈ ತುಂಬ ಗುಳ್ಳೆ. ಲಿಂಬೆಹಣ್ಣಿನಷ್ಟು ದೊಡ್ಡದು ಒಂದು ಒಡೆದು ಚರ್ಮ ಜೋತಾಡುತ್ತಿತ್ತು. ಯಾವಾಗ ಸುಟ್ಟಿತು ಎಂದು ಕೇಳಿದೆ. ಆಕೆ ಅಂಗೈ ತಿರುಗಿಸಿ, ಬೇರೆ ಯಾರದೋ ಕೈ ನೋಡಿದ ಹಾಗೆ ನೋಡಿದಳು.

“ಸುಟ್ಟೈತೇನು? ನೋಡಿಲ್ಲ ಬಿಡು.”

ಅಂಥ ಗಾಯ ಯಾರಾದರೂ ನೋಡದೆ ಇರುತ್ತಾರೆಯೇ? ಅವತ್ತಿನಿಂದ ಆಕೆ ಹೊಲಿಯುವುದನ್ನು ಬಾಗಿಲಲ್ಲಿ ನಿಂತು ನೋಡತೊಡಗಿದೆ. ಸೂಜಿ ಕಿರುಬೆರಳಿಗೆ ಚುಚ್ಚಿ ನಿಂತಿದ್ದರೂ ಆಕೆ ಮಾತಾಡುತ್ತಲೇ ಇದ್ದಳು. ಬಿಳಿ ಬಟ್ಟೆಗೆ ರಕ್ತ ಹತ್ತಿದ ಮೇಲೆ ಬೆರಳು ನೋಡಿದಳು. ಕುಪ್ಪಸದ ತೋಳು ಸರಿದಾಗ ಮೊಣಕೈ ಹತ್ತಿರ ಒಂದು ಬಿಳಿಚಿದ ಮಚ್ಚೆ ಕಂಡಿತು. ಗುರುಗುಂಟಾದಲ್ಲಿ ನಾನು ಸಣ್ಣವಳಿದ್ದಾಗ ಅಂಥ ಮಚ್ಚೆಯವನೊಬ್ಬನನ್ನು ಊರ ಹೊರಗೆ ಗುಡಿಸಲಲ್ಲಿ ಇಟ್ಟಿದ್ದರು. ಕುಷ್ಠ. ಆ ಮಾತು ನನ್ನ ತಲೆಯೊಳಗೆ ಬಂತು. ಬಾಯಿಗೆ ಬರಗೊಡಲಿಲ್ಲ.

ಮೂರು ವರ್ಷ ಒಂದೇ ಬೋಗುಣಿಯಲ್ಲಿ ಉಂಡಿದ್ದೆವು. ಮಕ್ಕಳಿಗೆ ಸ್ನಾನ ಮಾಡಿಸುವ ನೆಪದಲ್ಲಿ ಬೆನ್ನು, ತೋಳು, ತೊಡೆ ಬಿಸಿಲಿಗೆ ಹಿಡಿದು ಹುಡುಕುತ್ತಿದ್ದೆ. ಬಾರಿಗೆಯ ಕಡ್ಡಿಯಿಂದ ಚುಚ್ಚಿ, ಗೊತ್ತಾಯಿತೇ ಎಂದು ಕೇಳುತ್ತಿದ್ದೆ. ದೊಡ್ಡವಳು ನನಗೆ ಹುಚ್ಚು ಹಿಡಿದಿದೆ ಅಂದಳು. ಸಣ್ಣವಳು ಅತ್ತಳು. ಅತ್ತರೆ ನನಗೆ ಸಮಾಧಾನ, ನೋವು ಗೊತ್ತಾಗುತ್ತದಲ್ಲ ಎಂದು. ನನ್ನ ಬೆರಳನ್ನೂ ದಿನಾ ಸ್ಟೋವಿನ ಹತ್ತಿರ ಹಿಡಿದು ನೋಡುತ್ತಿದ್ದೆ. ಗಿರಣಿಯಲ್ಲಿ ನೆಲ್ಲಿನ ಧೂಳಿಗೆ ಮೈ ಕೆರೆದರೂ ತೋಳು ಸರಿಸಿ ನೋಡುತ್ತಿದ್ದೆ.

ಹತ್ತು ದಿನಕ್ಕೆ ಸರಕಾರಿ ಆಸ್ಪತ್ರೆಯ ಸಿಸ್ಟರ್ ಮನೆ ಮನೆ ತಿರುಗುತ್ತ ನಮ್ಮ ಸಾಲಿಗೆ ಬಂದಳು. ಕೈಯಲ್ಲಿ ಚಿತ್ರ ಬರೆದ ಹಾಳೆ ಇತ್ತು. ಕುಷ್ಠ ಶಾಪವಲ್ಲ, ರೋಗ, ವರ್ಷದ ಗುಳಿಗೆ ತಿಂದರೆ ಹೋಗುತ್ತದೆ, ಗುಳಿಗೆ ಪುಕ್ಕಟೆ, ತಡ ಮಾಡಿದರೆ ಮಾತ್ರ ಬೆರಳು ಮಡಚಿಕೊಂಡು ಹಾಗೇ ಉಳಿಯುತ್ತವೆ ಎಂದೆಲ್ಲ ಹೇಳಿದಳು. ಆರೂ ಕೋಣೆಯ ಹೆಂಗಸರು ಕಟ್ಟೆಯ ಮೇಲೆ ಕೂತು ಕೇಳಿದೆವು.

“ಮೈಮ್ಯಾಲ ಬಿಳಿ ಮಚ್ಚಿ ಏನರ ಅದಾವೇನ್ರಿ? ಮುಟ್ಟಿದ್ರ ಗೊತ್ತಾಗದಂಥವು?”

ಖಾಲಾ ತೋಳು ಕೆಳಗೆಳೆದುಕೊಂಡಳು. ನನ್ನ ಮಾರಿ ನೋಡಿದಳು. ಬೇರೆ ಯಾರ ಮಾರಿಯನ್ನೂ ನೋಡಲಿಲ್ಲ. ನನಗೆ ಲಿಂಗಸುಗೂರಿನ ಬೀಗರು ಕಣ್ಣ ಮುಂದೆ ಬಂದರು. ನಾಳೆ ಈ ಸಾಲಿನಲ್ಲಿ ಸುದ್ದಿಯಾದರೆ ಖಾಲಾಳ ಜೊತೆ ಯಾರು ಉಂಡವರು ಎಂಬುದೂ ಸುದ್ದಿಯಾಗುತ್ತದೆ. ಎಲ್ಲರಿಗಿಂತ ಮೊದಲು ನಾನೇ ಬಾಯಿ ತೆರೆದೆ.

“ನಮ್ಮ ಸಾಲಿನ್ಯಾಗ ಯಾರಿಗೂ ಇಲ್ರಿ,” ಅಂದೆ.

ಸಿಸ್ಟರ್ ಬರೆದುಕೊಂಡು ಮುಂದಿನ ಸಾಲಿಗೆ ಹೋದಳು.

ಅವತ್ತು ಸಂಜೆಯಿಂದ ನೆಪ ಹೇಳಲು ಶುರು ಮಾಡಿದೆ. ಸಣ್ಣವಳಿಗೆ ಹೊಟ್ಟೆ ಸರಿಯಿಲ್ಲ ಅಂದೆ, ಮದುವೆಯ ತನಕ ಮಾಂಸ ಬಿಟ್ಟಿದ್ದೇವೆ ಅಂದೆ, ಶಾವಿಗೆ ತೀರಿತು ಅಂದೆ. ಡಬ್ಬಿಯಲ್ಲಿ ಅರ್ಧ ಶಾವಿಗೆ ಇತ್ತು. ಗೋಡೆಯ ಆಚೆ ಸ್ಟೋವಿನ ಸದ್ದು, ಹುರಿಯುವ ವಾಸನೆ, ಆಮೇಲೆ ಬೋಗುಣಿ ನೆಲಕ್ಕಿಟ್ಟ ಸದ್ದು ಕೇಳುತ್ತಿತ್ತು. ಬರಿಗೈಯಲ್ಲೇ ಇಟ್ಟಿರುತ್ತಾಳೆ ಎಂದು ಗೊತ್ತಿತ್ತು. ಎದ್ದು ಹೋಗಿ ಬಟ್ಟೆ ಹಿಡಿ ಎಂದು ಹೇಳಲಿಲ್ಲ. ಅಷ್ಟು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು. ಆಕೆಯೂ ಕೇಳಲಿಲ್ಲ. ಒಂದೆರಡು ಸಲ ಕರೆದಳು, ಆಮೇಲೆ ಬಿಟ್ಟಳು.

ಮದುವೆ ಆಯಿತು. ಖಾಲಾ ಮಗಳಿಗೆಂದು ಹೊಲಿದ ಕೌದಿ ತಂದುಕೊಟ್ಟಳು. ಆ ಬೆರಳಿನಲ್ಲಿ ಅದನ್ನು ಹೇಗೆ ಹೊಲಿದಳೋ... ನಾನು ಅದನ್ನು ಲಿಂಗಸುಗೂರಿಗೆ ಕಳಿಸಲಿಲ್ಲ. ಸುಡುನೀರಿನಲ್ಲಿ ಕುದಿಸಿ, ಬಿಸಿಲಿಗೆ ಹಾಕಿ, ಬಣ್ಣ ಹೋದ ಮೇಲೆ ಒಂದು ಚೀಲದಲ್ಲಿ ಕಟ್ಟಿಟ್ಟೆ. ಮಳೆಗಾಲಕ್ಕೆ ಮೊದಲು ಮಸ್ಕಿಯಿಂದ ತಮ್ಮ ಬಂದು ಆಕೆಯನ್ನು ಕರೆದುಕೊಂಡು ಹೋದ. ಹೊಲಿಗೆ ಆಗುತ್ತಿಲ್ಲವಂತೆ, ಸೂಜಿ ಕೈಯಲ್ಲಿ ನಿಲ್ಲುತ್ತಿಲ್ಲವಂತೆ ಎಂದು ಸಾಲಿನ ಜನ ಮಾತಾಡಿಕೊಂಡರು. ನಾನು ಗಿರಣಿಯಲ್ಲಿದ್ದೆ. ಬೇಕೆಂದೇ ಅವತ್ತು ತಡವಾಗಿ ಬಂದೆ.

ಎರಡು ವರ್ಷ ಬಿಟ್ಟು ಮಸ್ಕಿಗೆ ಹೋದೆ. ಮಗಳು ಬಸುರಿಯಾಗಿದ್ದಳು, ಮೈಯೆಲ್ಲ ಮಚ್ಚೆ ಹುಡುಕುವ ಚಟ ನನಗೆ ಇನ್ನೂ ಹೋಗಿರಲಿಲ್ಲ. ಖಾಲಾಳದು ಆ ರೋಗವೇ ಹೌದೋ ಅಲ್ಲವೋ ನೋಡಿಯೇ ಬರೋಣ ಎಂದು ಹೋದೆ. ಖಾಲಾ ಒಳಗೆ ಕೂಡಿಸಿದಳು. ಬಲಗೈಯ ಕಿರುಬೆರಳು, ಉಂಗುರ ಬೆರಳು ಒಳಕ್ಕೆ ಮಡಚಿಕೊಂಡು ನಿಂತಿದ್ದವು. ಕೊನೆಗೂ ಅಲ್ಲಿಯ ಆಸ್ಪತ್ರೆಯಲ್ಲಿ ಹಿಡಿದರಂತೆ. ವರ್ಷದ ಗುಳಿಗೆ ಮುಗಿಸಿದ್ದಳು. ಇನ್ನು ಯಾರಿಗೂ ಹತ್ತುವುದಿಲ್ಲ ಎಂದು ಡಾಕ್ಟರ್ ಹೇಳಿದ್ದಾನೆ ಎಂದು ಆಕೆಯೇ ತಿಳಿಸಿದಳು. ಮಗಳ ಸುದ್ದಿ, ಬೀಗರ ಸುದ್ದಿ ಎಲ್ಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿ ಕೂತಳು.

“ಅವತ್ತ ಸಿಸ್ಟರ್ ಬಂದಾಗ ನಾ ನಿನ್ನ ಮಾರಿ ನೋಡಿದೆ. ನೀ ಹೇಳ್ತಿ ಅಂತ ತಿಳಿದಿದ್ದೆ. ನನ್ನ ಬಾಯಿಲೆ ಹೇಳಾಕ ಧೈರ್ಯ ಇರಲಿಲ್ಲ ನೋಡು.”

“ಮದುವಿ ಇತ್ತು, ಖಾಲಾ.”

“ಗೊತ್ತೈತಿ ಬಿಡು.”

ಬೈದಿದ್ದರೆ ಒಳ್ಳೆಯದಿತ್ತು. ಬೈಯಲಿಲ್ಲ. ಎದ್ದು ಹೋಗಿ ಊಟಕ್ಕೆ ಇಟ್ಟಳು. ಖೀಮಾ ಶಾವಿಗೆಯೇ. ಆದರೆ ಎರಡು ಬೋಗುಣಿ ತಂದಿಟ್ಟಳು. ಒಂದು ಆಕೆಯ ಮುಂದೆ, ಇನ್ನೊಂದು ಸಣ್ಣದು ನನ್ನ ಮುಂದೆ.

“ನಿನಗ ಬ್ಯಾರೆ ಮಾಡಿಸೀನಿ ಬೇ. ನಾದಿನಿ ಮಾಡ್ಯಾಳ, ನಾ ಕೈ ಹಚ್ಚಿಲ್ಲ. ಅಂಜಬ್ಯಾಡ, ಉಣ್ಣು.”

ಡಾಕ್ಟರ್ ಹೇಳಿದ್ದನ್ನು ಆಗಷ್ಟೇ ಕೇಳಿದ್ದೆ. ದೊಡ್ಡ ಬೋಗುಣಿ ನನ್ನ ಕೈಗೆ ಎಟಕುವಷ್ಟು ಹತ್ತಿರ ಇತ್ತು. ಆದರೂ ನಾನು ಬೇರೆಯದರಲ್ಲೇ ಉಂಡೆ. ಆಕೆ ತಲೆ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಖಾಲಾ ಹೋಗಿ ಏಳು ವರ್ಷವಾಯಿತು. ಮಣ್ಣಾಗಿ ತಿಂಗಳಾದ ಮೇಲೆ ನನಗೆ ಸುದ್ದಿ ಬಂತು. ಅದಕ್ಕೂ ಮೊದಲಿನ ಅಷ್ಟು ವರ್ಷದಲ್ಲಿ ಮತ್ತೆ ಮಸ್ಕಿಯ ಬಸ್ಸು ಹತ್ತಬೇಡ ಎಂದು ಯಾರೂ ನನ್ನನ್ನು ತಡೆದಿರಲಿಲ್ಲ, ಆದರೂ ಹತ್ತಲಿಲ್ಲ. ಹೋಗಬೇಕೆಂದರೆ ಒಂದು ತಾಸಿನ ಹಾದಿ ಅಷ್ಟೇ. ನನಗಾಗಲಿ ನನ್ನ ಮಕ್ಕಳಿಗಾಗಲಿ ಏನೂ ಆಗಲಿಲ್ಲ. ಮೈ ನೆಟ್ಟಗಿದೆ. ಮೊನ್ನೆ ಮೊಮ್ಮಗಳು ಬೋಗುಣಿ ನಡುವೆ ಇಟ್ಟು, ಬಾ ಅಮ್ಮಾ, ಇಲ್ಲೇ ಕೂಡು, ಒಟ್ಟಿಗೆ ಉಣ್ಣೋಣ ಅಂದಳು. ನನಗೆ ಹಸಿವಿಲ್ಲ ಅಂದೆ.