ಕವಿಯ ಕೋಣೆಯೂ ದರ್ಜಿಯ ಕಿಟಕಿಯೂ

ಕೋಟೆಯ ಒಳಗೋಡೆಗೆ ಆತುಕೊಂಡ ಆ ಮನೆಯನ್ನು ನೋಡಲು ಜನ ದೂರದಿಂದ ಬರುತ್ತಾರೆ. ಕವಿಯೊಬ್ಬರು ಎರಡು ಚಳಿಗಾಲ ಅಲ್ಲಿ ಬಾಡಿಗೆಗಿದ್ದು ತಮ್ಮ ಮುಖ್ಯ ಕಾವ್ಯವನ್ನು ಬರೆದರು. ನಾನು ಹೋದದ್ದೂ ಅದಕ್ಕೇ. ಆದರೆ ಹೇಳಬೇಕಾದದ್ದು ಕೆಳಗಿನ ಅಂಗಡಿಯ ದರ್ಜಿಯ ವಿಷಯ.

ಗಂಡ ತೀರಿಕೊಂಡ ಮೇಲೆ ಆಕೆಗೆ ಉಳಿದದ್ದು ಹೊಲಿಗೆ ಯಂತ್ರ ಮತ್ತು ಅತ್ತೆ. ಸೊಂಟ ಮುರಿದುಕೊಂಡ ಅತ್ತೆ ಮಲಗುತ್ತಿದ್ದದ್ದು ಮಹಡಿಯಲ್ಲಿ, ಕವಿ ಕುಳಿತು ಬರೆಯುತ್ತಿದ್ದ ಕಿಟಕಿಯ ಪಕ್ಕ. ಆ ಕಲ್ಲುಮನೆಯಲ್ಲಿ ಬಿಸಿಲು ಬೀಳುವುದು ಅಲ್ಲಿ, ಬಿಟ್ಟರೆ ಕೆಳಗೆ ಅಂಗಡಿಯಲ್ಲಿ.

ಮನೆ ಕೋಟೆ ಸಮಿತಿಯದು. ಕವಿಯ ಜನ್ಮಶತಮಾನೋತ್ಸವಕ್ಕೆ ಕೋಣೆ ಬೇಕೆಂದು ಸಮಿತಿಯ ಅಧ್ಯಕ್ಷರು ಮಹಡಿ ಹತ್ತಿ ಬಂದರು.

"ಇವರನ್ನ ಕೆಳಗೆ ಹಿಂದಿನ ಕೋಣೆಯಲ್ಲಿ ಮಲಗಿಸಬಹುದಲ್ಲಮ್ಮ?"

"ಅಲ್ಲಿ ಕಿಟಕಿ ಇಲ್ಲ ಸಾರ್. ಗೋಡೆ ಮುಟ್ಟಿದ್ರೆ ಕೈ ಒದ್ದೆ ಆಗತ್ತೆ. ಕವಿಗಳು ಹೋಗಿ ಎಷ್ಟೋ ಕಾಲ ಆಯ್ತು, ನಮ್ಮತ್ತೆ ಇನ್ನೂ ಇದಾರೆ."

"ಇದೀನಿ ಅಂತ ಬೇಜಾರಾ ನಿಂಗೆ?" ಎಂದರು ಅತ್ತೆ, ಹಾಸಿಗೆಯಿಂದಲೇ.

"ಸುಮ್ನಿರಿ ಅತ್ತೆ. ನಿಮ್ಮ ಪರವಾಗೇ ಮಾತಾಡ್ತಿರೋದು ನಾನು."

"ಪರವಾಗಿ ಆಡೋದೇ ಹೀಗಾದ್ರೆ, ಇನ್ನು ವಿರುದ್ಧ ಹೇಗೋ."

ಅಧ್ಯಕ್ಷರು ಕೆಟ್ಟವರಲ್ಲ. ನಿರ್ಧಾರ ಸಮಿತಿಯದೆಂದು ಹೇಳಿ, ತಿಂಗಳ ಗಡುವು ಕೊಟ್ಟು ಇಳಿದುಹೋದರು. ದರ್ಜಿ ಯಾರ ಕೈಕಾಲೂ ಹಿಡಿಯಲಿಲ್ಲ. ಅಂಗಡಿಯ ಕಿಟಕಿಗೆ ಒತ್ತಿ ಅತ್ತೆಯ ಮಂಚ ಹಾಕಿಸಿದಳು. ಅಲ್ಲಿದ್ದ ತನ್ನ ಯಂತ್ರವನ್ನು ಹಿಂದಿನ ಕೋಣೆಗೆ ಸಾಗಿಸಿ ಮೇಲೊಂದು ಬಲ್ಬು ತೂಗುಬಿಟ್ಟಳು.

"ನನ್ನೇ ಮಾರಾಟಕ್ಕಿಟ್ಟಿದೀಯೇನೆ?"

"ಯಾರು ಕೊಳ್ತಾರೆ? ಮಲಗಿ."

ಅತ್ತೆಗೆ ಬಿಸಿಲಿನ ಜೊತೆ ಬೀದಿಯೂ ಸಿಕ್ಕಿತು. ಬಂದ ಗಿರಾಕಿಗೆಲ್ಲ, "ಹೊಟ್ಟೆ ಬಂದಿದೆ, ಹಳೇ ಅಳತೆ ಸಾಲಲ್ಲ" ಎಂದು ಮಲಗಿದಲ್ಲಿಂದಲೇ ಹೇಳತೊಡಗಿದರು. ನಷ್ಟವಾದದ್ದು ದರ್ಜಿಗೆ. ಆ ಬಲ್ಬಿನ ಬೆಳಕಿನಲ್ಲಿ ಕಪ್ಪು ಬಟ್ಟೆಯ ಮೇಲೆ ಕಪ್ಪು ದಾರ ಕಾಣುವುದಿಲ್ಲ. ಆಕೆಯ ಅರ್ಧ ಸಂಪಾದನೆ ವಕೀಲರ ಕೋಟುಗಳಿಂದಲೇ ಬರುತ್ತಿತ್ತು. ಅವನ್ನು ಬಿಟ್ಟಳು.

ಉತ್ಸವ ಹತ್ತಿರವಾದಾಗ ಅಧ್ಯಕ್ಷರು ಕೋಟಿಗೆಂದು ಕಪ್ಪು ಬಟ್ಟೆ ಹಿಡಿದು ಬಂದರು.

"ಈಗ ಕಪ್ಪು ಹೊಲಿಯಲ್ಲ ಸಾರ್. ಬೆಳಕು ಮಹಡಿ ಮೇಲಿದೆ."

ಅಧ್ಯಕ್ಷರು ಬಟ್ಟೆಯನ್ನು ಮಂಚದ ತುದಿಗಿಟ್ಟರು. "ಎರಡು ದಿನ ಮೇಲೇ ಕೂತು ಹೊಲಿದುಬಿಡಿ. ಬೀಗ ತೆಗೆಸ್ತೀನಿ."

"ನಿಮ್ಮೊಂದು ಕೋಟಿಗೆ ತೆಗೆಸ್ತೀರಾ? ಬೇಡ ಬಿಡಿ. ಬೂದು ಬಟ್ಟೆ ತನ್ನಿ, ಹೊಲಿದು ಕೊಡ್ತೀನಿ."

ತಂದರು. ಉತ್ಸವದ ಫೋಟೊ ಈಗ ಕವಿಯ ಕೋಣೆಯ ಗೋಡೆಯ ಮೇಲಿದೆ. ವೇದಿಕೆಯ ಮೇಲಿನವರೆಲ್ಲ ಕಪ್ಪು ಕೋಟಿನಲ್ಲಿದ್ದಾರೆ, ಅಧ್ಯಕ್ಷರೊಬ್ಬರೇ ಬೂದು ಬಣ್ಣದ್ದರಲ್ಲಿ. ಭುಜದ ಹೊಲಿಗೆ ಚೊಕ್ಕವಾಗಿದೆ.