ಟೆಸ್ಟ್ ಲ್ಯಾಂಪಿಗೆ ಮೊದಲ ಪೂಜೆ

"ಪಂಪಿಗೆ ಕರೆಂಟೇ ಬರ್ತಿಲ್ಲ, ವೈರಿಂಗ್ ಪೂರಾ ಬಿಚ್ಬೇಕು," ಎಂದು ಲಾರಿಯ ಅಡಿಯಿಂದಲೇ ತೀರ್ಪು ಕೊಟ್ಟೆ. ಬಿ.ಜಿ. ಕೆರೆ ಬಳಿ ಕೆಟ್ಟು ನಿಂತ ಶೇಂಗಾ ಲಾರಿ. ಚಳ್ಳಕೆರೆ ಹರಾಜಿಗೆ ಹೊತ್ತಾಗುತ್ತಿತ್ತು. ಹಳೇ ಎಲೆಕ್ಟ್ರಿಷಿಯನ್ ನಾನು. ಫ್ಯೂಸು, ರಿಲೇ ಬದಲಿಸಿದ್ದೆ. ಡೀಸೆಲ್ ಪಂಪಿನ ವೈರಿಗೆ ಎಲ್ಲಿ ಕರೆಂಟ್ ನೋಡುವ ಟೆಸ್ಟ್ ಲ್ಯಾಂಪ್ ಮುಟ್ಟಿಸಿದರೂ ಬಲ್ಬು ಹತ್ತಲಿಲ್ಲ.

ಡ್ರೈವರ್ ಕ್ಯಾಬಿನ್ನಿನಿಂದ ಬಗ್ಗಿ, "ಅಣ್ಣಾ, ದೇವರ ಪಟದ ದೀಪಕ್ಕೂ ಅದೇ ವೈರಿಂದ ಕರೆಂಟ್ ಕೊಟ್ಟೈತೆ. ಅದೆಂಗೆ ಉರೀತೈತೆ?" ಎಂದ.

ನನ್ನ ಲ್ಯಾಂಪನ್ನು ನೇರ ಬ್ಯಾಟರಿಗೇ ಮುಟ್ಟಿಸಿದೆ. ಹತ್ತಲಿಲ್ಲ. ಸುಟ್ಟುಹೋಗಿದ್ದು ನನ್ನ ಬಲ್ಬು. ಬೇರೆ ಬಲ್ಬು ಹಾಕಿ ನೋಡಿದರೆ ಪಂಪಿನವರೆಗೂ ಕರೆಂಟಿತ್ತು, ಪಂಪಿನ ಅರ್ಥ್ ವೈರು ಮಾತ್ರ ಸಡಿಲವಾಗಿತ್ತು. ಅದನ್ನು ಬಿಗಿ ಮಾಡಿದ ಕೂಡಲೇ ಲಾರಿ ಸ್ಟಾರ್ಟ್ ಆಯಿತು.

ಈಗ ಯಾವ ಲಾರಿ ಮುಟ್ಟುವ ಮೊದಲೂ ಲ್ಯಾಂಪನ್ನು ಬ್ಯಾಟರಿಗೆ ಹಿಡಿದು ನೋಡುತ್ತೇನೆ. ಮೊನ್ನೆ ಒಬ್ಬ ಡ್ರೈವರ್ ಅದನ್ನೇನೋ ಶಾಸ್ತ್ರವೆಂದುಕೊಂಡು ಚಪ್ಪಲಿ ಬಿಟ್ಟು ಕೈಮುಗಿದ. ನಾನೂ ಲ್ಯಾಂಪನ್ನು ಕಣ್ಣಿಗೊತ್ತಿಕೊಂಡು ಲಾರಿಯ ಅಡಿಗೆ ತೂರಿದೆ.