ಲೋಟ ಹಿಡಿದ ಸಿಪಾಯಿ

ಆಗೆಲ್ಲ ಬನಶಂಕರಿ ಎರಡನೇ ಹಂತ ಅಂದರೆ ಆಟೋದವರು ನಮ್ಮ ಮುಖವನ್ನೊಮ್ಮೆ ನೋಡಿ, ಏನೂ ಕೇಳಿಸದವರಂತೆ ಮುಂದೆ ಹೋಗಿಬಿಡುತ್ತಿದ್ದ ಕಾಲ. ನಮ್ಮ ರಸ್ತೆ ಮುಗಿದ ಕಡೆ ರಾಗಿ ಹೊಲ ಶುರುವಾಗುತ್ತಿತ್ತು, ಅದರಾಚೆ ಇಟ್ಟಮಡು. ದಸರಾ ಬಂತೆಂದರೆ ಸಂಜೆ ಮಕ್ಕಳ ದಂಡು ಮನೆಮನೆಯ ಬಾಗಿಲಲ್ಲಿ ನಿಂತು "ಆಂಟೀ, ಗೊಂಬೆ ಕೂರ್ಸಿದೀರಾ?" ಎಂದು ಕೂಗುತ್ತಿತ್ತು. ಗೊಂಬೆ ನೋಡುವುದು ಬರೀ ನೆಪ. ಕೈಗೆ ಬೀಳುವ ಕಡಲೆಕಾಳು ಉಸಲಿ, ಕೊಬ್ಬರಿ ಮಿಠಾಯಿ ಮುಖ್ಯ. ಯಾರ ಮನೆಯಲ್ಲಿ ಯಾವತ್ತು ಏನು ಕೊಡುತ್ತಾರೆಂದು ನಾವು ಮೊದಲೇ ಪತ್ತೆ ಹಚ್ಚುತ್ತಿದ್ದ ರೀತಿ ನೋಡಿದ್ದರೆ ಸೇನೆಯವರು ಗೂಢಚಾರರ ಕೆಲಸ ಕೊಡುತ್ತಿದ್ದರು.

ಸೇನೆ ಅಂದೆನಲ್ಲ, ನಮ್ಮ ಮನೆಯಲ್ಲೇ ಒಂದಿತ್ತು. ಅಪ್ಪ ಕಟ್ಟಿದ್ದು. ಅಪ್ಪ ಒಂದು ಕಾರ್ಖಾನೆಯಲ್ಲಿ ನಕ್ಷೆ ಬರೆಯುವವನು. ಹುಡುಗನಾಗಿದ್ದಾಗ ಅಣ್ಣನ ಜೊತೆ ಸಿಪಾಯಿಯಾಗಲು ಹೋಗಿದ್ದನಂತೆ. ಅಣ್ಣನನ್ನು ತೆಗೆದುಕೊಂಡರು, ಅಪ್ಪನ ದಪ್ಪ ಕನ್ನಡಕ ನೋಡಿ ಮನೆಗೆ ಕಳಿಸಿದರು. ಮನೆಗೆ ಬಂದವನು ಬೆಂಕಿಪೊಟ್ಟಣ, ಬಾಲ್‌ಪೆನ್ನಿನ ರೀಫಿಲ್, ಹಳೆಯ ಎಕ್ಸ್‌ರೇ ಹಾಳೆ ಕೂಡಿಹಾಕಿಕೊಂಡು ಟ್ಯಾಂಕು, ಜೀಪು, ಫಿರಂಗಿ ಕಟ್ಟುತ್ತ ಕೂತ. ರೀಫಿಲ್ಲೇ ಫಿರಂಗಿಯ ನಳಿಗೆ. ಎಕ್ಸ್‌ರೇ ಹಾಳೆ ಜೀಪಿನ ಗಾಜು. ಪಾಪ, ನಮ್ಮ ಡ್ರೈವರ್ ಯಾರದೋ ಪಕ್ಕೆಲುಬಿನ ಮೂಲಕ ರಸ್ತೆ ನೋಡಬೇಕಿತ್ತು. ಎಲ್ಲವೂ ನಿಜದ ಎಪ್ಪತ್ತೆರಡನೇ ಒಂದು ಪಾಲು, ಕೂದಲೆಳೆ ಹೆಚ್ಚಿಲ್ಲ ಕಡಿಮೆಯಿಲ್ಲ. ತನ್ನ ಅಂಗಿಯ ಗುಂಡಿಯನ್ನೇ ಮೇಲೆ ಕೆಳಗೆ ಹಾಕಿಕೊಂಡು ಆಫೀಸಿಗೆ ಹೋಗುತ್ತಿದ್ದ ಮನುಷ್ಯ, ಬೆರಳಿನ ಗೆಣ್ಣಿನಷ್ಟಿದ್ದ ಮೇಣದ ಸಿಪಾಯಿಗೆ ಸಾಲಾಗಿ ಗುಂಡಿ ಕೂರಿಸುತ್ತಿದ್ದ.

ಅಜ್ಜಿ ಮಾತ್ರ ಈ ಸೈನ್ಯವನ್ನು ಗೊಂಬೆಮೆಟ್ಟಿಲಿನ ಹತ್ತಿರ ಬಿಟ್ಟುಕೊಂಡಿರಲಿಲ್ಲ. "ರಾಮ ಸೀತೆ ಕೂತಿರೋ ಕಡೆ ಬಾಂಬು ಗೀಂಬು ಬೇಡ" ಅನ್ನುತ್ತಿದ್ದಳು. ಆ ವರ್ಷ ಮನಸ್ಸು ಕರಗಿತು. ದೊಡ್ಡಪ್ಪ ರಜೆ ಮೇಲೆ ಬರುವವರಿದ್ದರು. ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಅವರು ದಸರೆಗೆ ಮನೆಯಲ್ಲಿರುವುದು ಅದೇ ಮೊದಲು.

"ಅವನ ಮುಖ ನೋಡ್ಕೊಂಡು ಕೆಳಗಿನ್ ಮೆಟ್ಲು ಕೊಡ್ತೀನಿ" ಎಂದಳು ಅಜ್ಜಿ. "ಆದ್ರೆ ಪೈರು ಹಾಕ್ಬೇಕು."

ಗೊಂಬೆಯ ಮುಂದೆ ಮಣ್ಣು ಹರಡಿ ರಾಗಿ ಚೆಲ್ಲಿ ಹಸಿರು ಬರಿಸುವುದು ನಮ್ಮಲ್ಲಿ ರೂಢಿ. ಸಾಮಾನ್ಯವಾಗಿ ಅದು ಪಾರ್ಕಾಗುತ್ತದೆ, ಪ್ಲಾಸ್ಟಿಕ್ ಜಿಂಕೆ ಬಂದು ನಿಲ್ಲುತ್ತದೆ. ಅಪ್ಪ ಗಾಬರಿಯಾದ.

"ಅಮ್ಮಾ, ಅದು ಹಿಮದ ಗುಡ್ಡ. ಅಲ್ಲಿ ರಾಗಿ ಬೆಳೆಯಲ್ಲ."

"ಅದಕ್ಕೇ ಆ ಹುಡುಗ್ರು ಹಂಗೆ ಕಡ್ಡಿ ಆಗಿರೋದು. ಹಾಕು."

ಅಪ್ಪನ ಹತ್ತಿರ ಒಂದು ಫೋಟೊ ಇತ್ತು, ಯುದ್ಧಕ್ಕೆ ಮುಂಚೆ ದೊಡ್ಡಪ್ಪ ಕಳಿಸಿದ್ದು. ಗುಡ್ಡದ ನೆತ್ತಿಯಲ್ಲಿ ಕಲ್ಲು ಪೇರಿಸಿದ ಕಾವಲುಗೋಡೆ, ಅದರ ಮುಂದೆ ನಾಲ್ಕೈದು ಜನ, ನಡುವೆ ದೊಡ್ಡಪ್ಪ. ತುದಿಯಲ್ಲಿ ನಿಂತವನು ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕಿ, ಕೈಯಲ್ಲಿ ಚಹಾ ಲೋಟ ಹಿಡಿದು, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದ. ಅಪ್ಪ ಆ ಫೋಟೊವನ್ನೇ ಕೆಳಗಿನ ಮೆಟ್ಟಿಲಿನ ಮೇಲೆ ಇಳಿಸಲು ಹೊರಟ. ಯಾಕೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ತನ್ನನ್ನು ಬಿಟ್ಟು ಹೋದ ಅಣ್ಣ ಅದರ ಮುಂದೆ ನಿಂತು "ಅಲ್ಲಿ ಹಿಂಗೇ ಇತ್ತು ಕಣೋ" ಅನ್ನಬೇಕು. ಒಂದೇ ಮಾತು.

ನಾನು ಪ್ರಧಾನ ಸಹಾಯಕ ಎಂದು ಬೀದಿಗೆಲ್ಲ ಸಾರಿದ್ದೆ. ನನ್ನ ನಿಜವಾದ ಕೆಲಸ ಫಿಲ್ಟರಿನ ಕಾಫಿ ಗಸಿ ಒಣಗಿಸುವುದು. ಸಾರಕ್ಕಿ ಕೆರೆಯಿಂದ ತಂದ ಜೇಡಿಯಲ್ಲಿ ಗುಡ್ಡ ಮಾಡಿ, ಅದರ ಮೇಲೆ ಅಪ್ಪ ಆ ಗಸಿ ಉದುರಿಸಿದರೆ ನಿಜವಾದ ಮಣ್ಣಿನ ಬಣ್ಣ. ಹಜಾರವೆಲ್ಲ ಹಳೇ ಕಾಫಿ, ಒದ್ದೆ ಜೇಡಿ, ಬಣ್ಣದ ಡಬ್ಬಿಯ ವಾಸನೆ. ಹಿಮಕ್ಕೆ ಅಕ್ಕಿಹಿಟ್ಟು ಹಾಕಿದೆವು. ಮಾರನೆಯ ಬೆಳಿಗ್ಗೆ ಗಡಿಯಾಚೆಯಿಂದ ಇರುವೆಗಳು ನುಗ್ಗಿದವು. ನಾನು ರೇಡಿಯೊ ವಾರ್ತೆಯವರ ದನಿ ತೆಗೆದು "ನಮ್ಮ ಪಡೆಗಳು ಅರಿಶಿನದ ಪುಡಿಯಿಂದ ದಿಟ್ಟ ಉತ್ತರ ನೀಡುತ್ತಿವೆ" ಎಂದು ಓದಿದೆ. ಅಮ್ಮ ನಕ್ಕು ನಕ್ಕು ಉಸಲಿಗೆ ಎರಡು ಸಲ ಉಪ್ಪು ಹಾಕಿದಳು.

ಆಗ ನನಗೆ ಅದೊಂದು ಚಾಳಿ. ಯಾರು ಬಂದುಹೋದರೂ ಬಾಗಿಲು ಮುಚ್ಚುವ ಮೊದಲೇ ಅವರಂತೆ ಮಾಡಿ ತೋರಿಸುತ್ತಿದ್ದೆ. ಎದುರುಮನೆ ವಿಶಾಲಾಕ್ಷಿ ಆಂಟಿ ಸೆರಗು ಹೊದ್ದು ಬಗ್ಗಿ ನೋಡಿ, "ಅಯ್ಯೋ, ಎಷ್ಟ್ ಮುದ್ದಾಗಿದೆ ರೀ ಯುದ್ಧ!" ಅಂದದ್ದನ್ನು ಹಬ್ಬ ಮುಗಿಯುವವರೆಗೂ ಮಾಡಿದೆ. ದೊಡ್ಡಪ್ಪನನ್ನು ಮಾತ್ರ ಮಾಡಲು ಆಗಲಿಲ್ಲ. ಅವರು ಮಾತೇ ಆಡುತ್ತಿರಲಿಲ್ಲ. ಹಿಡಿದುಕೊಳ್ಳಲು ಏನೂ ಸಿಗುತ್ತಿರಲಿಲ್ಲ.

ಬಂದ ಸಂಜೆ ಅವರನ್ನು ಅಪ್ಪ ಗೊಂಬೆಯ ಮುಂದೆ ನಿಲ್ಲಿಸಿ, ಸೀರಿಯಲ್ ಲೈಟು ಹಾಕಿದ. ಕನ್ನಡಕ ಒರೆಸಿಕೊಂಡ. ದೊಡ್ಡಪ್ಪ ಬಹಳ ಹೊತ್ತು ನೋಡಿದರು.

"ಹೆಂಗಿದೆ ಅಣ್ಣ?"

"ಚೆನ್ನಾಗಿದೆ" ಎಂದರು. ಆಮೇಲೆ, "ರಾಗಿ ಚೆನ್ನಾಗ್ ಬಂದಿದೆ."

ಅಪ್ಪ ಲೈಟು ಆರಿಸಿದ. ಆ ರಾತ್ರಿ ಊಟಕ್ಕೆ ಕೂತಾಗ ಅಜ್ಜಿ, "ನಾನ್ ಹೇಳ್ಲಿಲ್ವಾ, ಪೈರು ಹಾಕು ಅಂತ?" ಎಂದಳು. ಯಾರೂ ನಗಲಿಲ್ಲ, ನಾನೂ.

ಮರುದಿನದಿಂದ ಒಂದು ವಿಚಿತ್ರ ಶುರುವಾಯಿತು. ಲೋಟ ಹಿಡಿದ ಸಿಪಾಯಿ ಮಲಗಿರುತ್ತಿದ್ದ. ಬಲ್ಬಿನ ಶಾಖಕ್ಕೆ ಮೇಣ ಮೆತ್ತಗಾಗಿದೆ ಎಂದುಕೊಂಡು ಅಪ್ಪ ಪಾದಕ್ಕೆ ಅಂಟು ಹಾಕಿ ನಿಲ್ಲಿಸಿದ. ಮತ್ತೆ ಮಲಗಿದ್ದ. ಅಜ್ಜಿಗೆ ಜೀವ ಹಾರಿಹೋಯಿತು. ನಮ್ಮಲ್ಲಿ ಗೊಂಬೆಯನ್ನು ಮಲಗಿಸುವುದು ವಿಜಯದಶಮಿಯ ರಾತ್ರಿ ಮಾತ್ರ, ಪಟ್ಟದ ಗೊಂಬೆಯನ್ನು ಮಲಗಿಸಿದರೆ ಹಬ್ಬ ಮುಗಿಯಿತು ಎಂದು. ನಡುವೆ ಒಂದು ಗೊಂಬೆ ಮಲಗಿತೆಂದರೆ ಮನೆಗೆ ಕೆಟ್ಟದ್ದು. ಎಲ್ಲರ ಕಣ್ಣೂ ನನ್ನ ಮೇಲೆ ಬಿತ್ತು.

"ನಿಂದೇ ಕಪಿಚೇಷ್ಟೆ. ಒಪ್ಕೋ."

"ಅಜ್ಜೀ, ನಾನಲ್ಲ. ನಾನಾಗಿದ್ರೆ ರಾವಣನ್ನೂ ಮಲಗಿಸ್ತಿದ್ದೆ!"

ಈ ಸಮರ್ಥನೆ ಕೆಲಸ ಮಾಡಲಿಲ್ಲ. ಬೆನ್ನಿಗೆ ಬಿತ್ತು. ಹೆಸರು ಉಳಿಸಿಕೊಳ್ಳಲು ನಾನೇ ಕಳ್ಳನನ್ನು ಹಿಡಿಯಬೇಕಾಯಿತು.

ಮಧ್ಯಾಹ್ನ ಅಮ್ಮ ಕುಂಕುಮಕ್ಕೆ ಹೋಗಿದ್ದಳು, ಅಜ್ಜಿ ಒಳಗೆ ನಿದ್ದೆ. ದಿವಾನದ ಹಿಂದೆ ಅಡಗಿ ಕೂತೆ. ದೊಡ್ಡಪ್ಪ ಬಂದರು. ಮೆಟ್ಟಿಲಿನ ಮುಂದೆ ಕುಕ್ಕರಗಾಲಲ್ಲಿ ಕೂತರು. ಒಂದು ಬೆರಳನ್ನು ಸಿಪಾಯಿಯ ಬೆನ್ನಿಗೆ, ಇನ್ನೊಂದನ್ನು ಕತ್ತಿನ ಕೆಳಗೆ ಕೊಟ್ಟು, ನಿಧಾನವಾಗಿ ಇಳಿಸಿದರು. ಮಗುವನ್ನು ತೊಟ್ಟಿಲಿಗೆ ಹಾಕುವಾಗ ಕತ್ತು ಹಿಡಿಯುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತು ಬೆರಳು ತೆಗೆಯಲಿಲ್ಲ. ಆಮೇಲೆ ಎದ್ದು ಚಪ್ಪಲಿ ಮೆಟ್ಟಿ ಹೊಲದ ಕಡೆ ನಡೆದರು.

ನಾನು ಹಿತ್ತಲಿಗೆ ಓಡಿದೆ. ಅಪ್ಪ ಸೈಕಲ್ಲಿನ ಚೈನು ಕೂರಿಸುತ್ತಿದ್ದ.

"ಅಪ್ಪಾ, ಕಳ್ಳ ಸಿಕ್ಕಿದ! ದೊಡ್ಡಪ್ಪ!"

"ಏನ್ ಮಾಡಿದ್ರು? ತಳ್ಳಿದ್ರಾ?" ಅಪ್ಪ ನಗುತ್ತಲೇ ಕೇಳಿದ.

ನಾನು ಮಾಡಿ ತೋರಿಸಿದೆ. ಕುಕ್ಕರಗಾಲಲ್ಲಿ ಕೂತು, ಒಂದು ಬೆರಳು ಬೆನ್ನಿಗೆ, ಒಂದು ಕತ್ತಿಗೆ, ನಿಧಾನವಾಗಿ ಕೆಳಗೆ. ಕೊನೆಗೂ ದೊಡ್ಡಪ್ಪನನ್ನು ಹಿಡಿದೆ ಎಂಬ ಹೆಮ್ಮೆಯಿಂದ ತಲೆ ಎತ್ತಿದೆ. ಅಪ್ಪನ ನಗು ಎಲ್ಲೋ ಹೋಗಿತ್ತು. ಗ್ರೀಸು ಮೆತ್ತಿದ ಕೈಯನ್ನು ಪಂಚೆಗೇ ಒರೆಸಿಕೊಂಡು ಒಳಗೆ ಹೋದ.

ಅಷ್ಟರಲ್ಲಿ ಅಜ್ಜಿ ಎದ್ದು, ಸಿಪಾಯಿಯನ್ನು ನಿಲ್ಲಿಸಲು ಕೈ ಚಾಚಿದ್ದಳು. ಅಪ್ಪ ಅವಳ ಮಣಿಕಟ್ಟು ಹಿಡಿದ.

"ಬಿಡಮ್ಮ."

"ಅಪಶಕುನ ಕಣೋ!"

"ಆಗೋದು ಯುದ್ಧದಲ್ಲೇ ಆಗ್ಹೋಗಿದೆ ಬಿಡು. ಅಣ್ಣ ಮಲಗ್ಸಿರೋದು."

ಅಜ್ಜಿ ಒಮ್ಮೆ ಪಕ್ಕದ ಗೋಡೆಗೆ ಆನಿಸಿಟ್ಟಿದ್ದ ಫೋಟೊ ನೋಡಿದಳು, ಒಮ್ಮೆ ಗೊಂಬೆ. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಹಬ್ಬ ಮುಗಿಯುವವರೆಗೆ ಅವನು ಮಲಗಿಯೇ ಇದ್ದ. ಗೊಂಬೆ ನೋಡಲು ಬಂದ ಮಕ್ಕಳು "ಒಬ್ಬ ಬಿದ್ದಿದಾನೆ" ಅಂದರೆ ಅಜ್ಜಿಯೇ ಗದರಿಸಿ ಉಸಲಿ ಕೊಟ್ಟು ಕಳಿಸುತ್ತಿದ್ದಳು.

ದೊಡ್ಡಪ್ಪನನ್ನು ರೈಲು ಹತ್ತಿಸಲು ನಾನೂ ಹೋಗಿದ್ದೆ. ಕಿಟಕಿಯ ಸರಳು ಹಿಡಿದು ನಿಂತ ಅಪ್ಪ, ಏನೋ ಕೇಳಲು ಬಾಯಿ ತೆರೆಯುತ್ತಿದ್ದ, ಮುಚ್ಚುತ್ತಿದ್ದ. ರೈಲು ಅಲುಗಿದಾಗ ಕೇಳಿದ: "ನೀರು ತುಂಬಿಸ್ಕೊಂಡ್ಯಾ ಅಣ್ಣ?"

"ಹೂಂ."

ಬಸ್ಸಿನಲ್ಲಿ ವಾಪಸು ಬರುವಾಗ, ಯಾರಿಗೂ ಅಲ್ಲದಂತೆ, "ಮುಂದಿನ್ ಸಲ ಬಂದಾಗ ಕೇಳ್ತೀನಿ" ಎಂದ.

ಮುಂದಿನ ಸಲ ಬಂದಿತು. ಅದರ ಮುಂದಿನದೂ ಬಂದಿತು. ದೊಡ್ಡಪ್ಪ ನಿವೃತ್ತರಾಗಿ ಜಯನಗರದಲ್ಲೇ ಮನೆ ಮಾಡಿ, ಭಾನುವಾರ ಭಾನುವಾರ ಬರತೊಡಗಿದರು. ಅಣ್ಣ ತಮ್ಮ ಇಬ್ಬರೂ ಬೋರ್‌ವೆಲ್ ಬಗ್ಗೆ, ಬಸ್ಸಿನ ಬಗ್ಗೆ, ಮಂಡಿನೋವಿನ ಬಗ್ಗೆ ಮಾತಾಡಿದರು. ನಾನು ಬೆಳೆದು ಕಾಲೇಜಿಗೆ ಹೋದೆ. ಬಾಯಿಬಡುಕನೆಂದು ಹೆಸರು ಮಾಡಿದವನು, ನಾನೂ ಕೇಳಲಿಲ್ಲ. ಒಂದು ಬೇಸಿಗೆಯಲ್ಲಿ ದೊಡ್ಡಪ್ಪ ಹೋಗಿಬಿಟ್ಟರು.

ಅಪ್ಪ ಕಣ್ಣು ಕಾಣುವವರೆಗೂ ಕಟ್ಟುತ್ತಲೇ ಇದ್ದ. ಸೇತುವೆ ಕಟ್ಟಿದ, ಲಾರಿಗಳ ಸಾಲು ಕಟ್ಟಿದ, ಮರುಭೂಮಿ ಕಟ್ಟಿದ. ಆದರೆ ಆ ದಸರೆಯ ನಂತರ ಒಬ್ಬನೇ ಒಬ್ಬ ಸಿಪಾಯಿಯನ್ನೂ ಮಾಡಲಿಲ್ಲ. ನನ್ನ ಮಗ ಒಮ್ಮೆ "ತಾತಾ, ಜೀಪಲ್ಲಿ ಯಾಕೆ ಯಾರೂ ಇಲ್ಲ?" ಎಂದು ಕೇಳಿದ್ದ.

"ಎಲ್ಲಾ ಮನೆಗ್ ಹೋಗಿದಾರೆ ಮರಿ."

ಈಗ ಅಪ್ಪನೂ ಇಲ್ಲ. ರಾಗಿ ಹೊಲದ ಮೇಲೆ ಮನೆಗಳು ಎದ್ದು, ಆ ಮನೆಗಳನ್ನೂ ಕೆಡವಿ ಇನ್ನೂ ಎತ್ತರದವು ಎದ್ದಿವೆ. ಗೊಂಬೆ ಕೂರಿಸಿದೀರಾ ಎಂದು ಕೇಳಿಕೊಂಡು ಬರುವ ಮಕ್ಕಳಿಲ್ಲ. ಬಂದರೂ ವಾಚ್‌ಮನ್ ಒಳಗೆ ಬಿಡುವುದಿಲ್ಲ. ಇದನ್ನೆಲ್ಲ ನೀವೂ ಕಳೆದುಕೊಂಡಿದ್ದೀರಿ, ನಾನೂ ಕಳೆದುಕೊಂಡಿದ್ದೇನೆ, ಹಂಚಿಕೊಂಡು ಅಳಬಹುದು. ನಮ್ಮ ಮನೆಯ ನಷ್ಟ ಮಾತ್ರ ಬೇರೆ. ಆ ಫೋಟೊ ಈಗ ನನ್ನ ಬೀರುವಿನಲ್ಲಿದೆ. ತುದಿಯಲ್ಲಿ ನಿಂತವನು ಈಗಲೂ ಕಣ್ಣು ಮುಚ್ಚಿ ನಗುತ್ತಾನೆ. ಅವನ ಟೋಪಿಯ ಹೊಲಿಗೆ, ಲೋಟದ ಅಂಚು, ಬೂಟಿನ ದಾರ ಎಲ್ಲವನ್ನೂ ಅಪ್ಪ ಅಳತೆ ತಪ್ಪದಂತೆ ಮಾಡಿದ್ದ. ಅವನ ಹೆಸರೇನು, ಯಾವ ಊರು, ಅಷ್ಟು ನಗುವಂಥದ್ದನ್ನು ಅವತ್ತು ಯಾರು ಏನು ಹೇಳಿದರು, ನಮಗೆ ಯಾರಿಗೂ ಗೊತ್ತಿಲ್ಲ. ಗೊತ್ತಿದ್ದ ಒಬ್ಬರು ಅಷ್ಟು ವರ್ಷ, ಭಾನುವಾರ ಭಾನುವಾರ, ನಮ್ಮ ಹಜಾರದಲ್ಲಿ ಕೂತು ಕಾಫಿ ಕುಡಿದು ಹೋದರು.